ಅರವತ್ತೆರಡು ಸೊನ್ನೆ

ಫೆಬ್ರವರಿ 11

ಅಪ್ಪಾ,

ತಲುಪಿದೆ. ಬಸ್ಸು ಕೊನೆಯ ಒಂಬತ್ತು ಕಿಲೋಮೀಟರ್ ಬರುವುದೇ ಇಲ್ಲ. ನಿನಗೆ ಗೊತ್ತಿತ್ತು, ಹೇಳಲಿಲ್ಲ. ನೀರಿನ ಟ್ಯಾಂಕರಿನವನು ಹತ್ತಿಸಿಕೊಂಡ. "ಅಲ್ಲಿಂದ ಎಲ್ಲರೂ ಹೊರಗೆ ಬಂದಾಯ್ತು, ನೀನು ಒಳಗೆ ಹೊರಟಿದೀಯಲ್ಲಮ್ಮಾ" ಎಂದ. ಕೆಲಸ ಸಿಕ್ಕಿದೆ ಎಂದೆ. "ಎಷ್ಟು ಓದಿದೀಯ?" ಎಂದ. ಹತ್ತನೇ ಕ್ಲಾಸು ಅರ್ಧ ಎಂದೆ. ಅವನು ರೇಡಿಯೋ ಹಾಕಿದ.

ಗಣಿ ಮುಚ್ಚಿ ಹನ್ನೊಂದು ವರ್ಷ ಆದಮೇಲೆ ಇವರಿಗೆ ಅದನ್ನು ಶುಚಿ ಮಾಡುವ ನೆನಪು ಬಂದಿದೆ. ಕಟ್ಟಡಗಳನ್ನೆಲ್ಲ ಒಡೆದು ಸುರಂಗದ ಬಾಯಿಗೆ ತುಂಬಿ, ಮೇಲೆ ಜೇಡಿಮಣ್ಣು ಹೊದಿಸುತ್ತಾರಂತೆ. ಅದಕ್ಕೆ ಮೊದಲು ಹಳೆಯ ಕಾಗದಗಳು ಕಂಪ್ಯೂಟರಿಗೆ ಹೋಗಬೇಕು. ನಾನು ಹಳೆಯ ಕ್ಯಾಂಟೀನಿನಲ್ಲಿ ಕುಳಿತು ಕಾರ್ಡು ನೋಡಿ ನೋಡಿ ಅಂಕಿ ಒತ್ತುತ್ತೇನೆ. ನನ್ನ ಮೇಜಿನ ಎದುರು ಗೋಡೆಯ ಮೇಲೆ 'ದೇಶದ ಬೆಳಕು ನಿಮ್ಮ ಕೈಯಲ್ಲಿ' ಎಂದು ಬರೆದಿದ್ದು ಇನ್ನೂ ಅರ್ಧ ಉಳಿದಿದೆ. 'ನಿಮ್ಮ ಕೈಯಲ್ಲಿ' ಮಾತ್ರ. ಇಷ್ಟು ವರ್ಷ ಇಲ್ಲಿ ತೆಗೆದದ್ದು ಯುರೇನಿಯಂ ಎಂದು ಗೋಡೆಯ ಮೇಲೂ ಬರೆದಿಲ್ಲ, ಯಾರ ಬಾಯಲ್ಲೂ ಕೇಳಿರಲಿಲ್ಲ. ನೀವೆಲ್ಲ 'ಮಾಲು' ಎನ್ನುತ್ತಿದ್ದಿರಿ. ಅಂಗಡಿಯ ಸಾಮಾನಿನ ಹಾಗೆ.

ಕೇಳಬೇಕಾದ ವಿಷಯಕ್ಕೆ ಬರುತ್ತೇನೆ. ಬ್ಯಾಡ್ಜ್ ಕಾರ್ಡುಗಳ ಪೆಟ್ಟಿಗೆ ನನ್ನ ಪಾಲಿಗೆ ಬಂದಿದೆ. ಇಲ್ಲಿ ಕಾಗದದ ಕೆಲಸ ನೋಡಿಕೊಳ್ಳುವ ಮೇಡಂ ವಿವರಿಸಿದರು: ಸುರಂಗಕ್ಕೆ ಇಳಿಯುವವನ ಎದೆಗೆ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ಡಬ್ಬಿ, ಒಳಗೆ ಫೋಟೋ ಫಿಲ್ಮಿನ ಚೂರು. ಅದಿರಿನ ಕಿರಣ ಬಿದ್ದಷ್ಟೂ ಫಿಲ್ಮು ಕಪ್ಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗಿ, ಎಷ್ಟು ಕಪ್ಪೋ ಅಷ್ಟು ಅಂಕಿ ಕಾರ್ಡಿಗೆ ಬರುತ್ತದೆ. ಕೊಟ್ಟು ತೆಗೆದುಕೊಳ್ಳುತ್ತಿದ್ದವನು ಹಾಜರಿ ಗುಮಾಸ್ತ. ಅಂದರೆ ನೀನು.

ನಾನು ಒತ್ತಿದ ಕಾರ್ಡುಗಳೆಲ್ಲ ಸೊನ್ನೆ. ಒಬ್ಬಿಬ್ಬರದಲ್ಲ, ಅರವತ್ತೆರಡು ಜನರದು. ಒಂದೆರಡು ಸಲವಲ್ಲ, ಆರು ವರ್ಷ. ಬಂಡೆ ಕೊರೆಯುವವನಿಗೂ ಸೊನ್ನೆ, ಅದಿರು ತುಂಬುವವನಿಗೂ ಸೊನ್ನೆ. ಇದು ಹೇಗೆ?

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಇಲ್ಲಿ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆದು ಉತ್ತರ ಕೊಡು.

ಮೊಂಡಿ

ಮಾರ್ಚ್ 2

ಮಗಳೇ,

ನಿನ್ನ ಕಾಗದ ಬಂತು. ಇಲ್ಲಿ ನಿನ್ನ ಅಕ್ಕ, ಭಾವ, ಮೊಮ್ಮಗು ಎಲ್ಲ ಸೌಖ್ಯ. ಮೊಮ್ಮಗುವಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಕಳೆದ ವಾರ ನಿನ್ನ ಅಕ್ಕ ಬಲವಂತ ಮಾಡಿ ನನ್ನ ಎದೆ ಪರೀಕ್ಷೆ ಮಾಡಿಸಿದಳು. ಡಾಕ್ಟರು ಎಂಜಿನ್ನಿನ ಹಾಗಿದೆ ಎಂದರು.

ಕೊಳಾಯಿ ನೀರು ಕುಡಿಯಬೇಡ. ಟ್ಯಾಂಕರ್ ನೀರನ್ನೂ ಕುದಿಸು. ಗಣಿಯ ಹೂಳು ತುಂಬಿದ ಕೆರೆಯ ಕಡೆ ಹೋಗಬೇಡ, ಬೇಲಿ ಇಲ್ಲದಿದ್ದರೂ.

ಕಾರ್ಡಿನಲ್ಲಿ ಏನಿದೆಯೋ ಅದನ್ನು ಒತ್ತುವುದು ನಿನ್ನ ಕೆಲಸ. ಯಾಕೆ ಹಾಗಿದೆ ಎಂದು ಕೇಳಲು ನಿನ್ನನ್ನು ಕರೆದಿಲ್ಲ. ಶಾಲೆಯಲ್ಲಿಯೂ ಇದೇ ಆಯಿತು. ಬಾರದ ಪುಸ್ತಕ ಬಂದಿದೆ ಎಂದು ಸಹಿ ಹಾಕು ಎಂದರು, ತರಗತಿಯವರೆಲ್ಲ ಹಾಕಿದರು, ನೀನೊಬ್ಬಳು ಹಾಕಲಿಲ್ಲ. ಹನ್ನೊಂದು ದಿನ ಹೊರಗೆ ನಿಲ್ಲಿಸಿದರು. ಹನ್ನೆರಡನೆಯ ದಿನ ನೀನು ಹೋಗಲೇ ಇಲ್ಲ. ಸಹಿ ಹಾಕಿದವರೆಲ್ಲ ಇವತ್ತು ಕಾಲೇಜು ಮುಗಿಸಿದ್ದಾರೆ.

ಕೆಲಸ ಸರಿಯಾಗಿ ಮಾಡು.

ನಿನ್ನ ಅಪ್ಪ

ಮಾರ್ಚ್ 9

ಅಪ್ಪಾ,

ಕೇಳಿದ್ದೊಂದನ್ನು ಬಿಟ್ಟು ಬೇರೆಲ್ಲದಕ್ಕೂ ಉತ್ತರ ಬರೆದಿದ್ದೀಯ. ಮೊಮ್ಮಗುವಿನ ಹಲ್ಲಿನವರೆಗೆ.

ಹಾಗಾದರೆ ನಾನು ಒಬ್ಬರ ವಿಷಯ ಹೇಳುತ್ತೇನೆ. ಕಾಲೊನಿಯಲ್ಲಿ ಮೂರು ಮನೆಗಳಲ್ಲಿ ಮಾತ್ರ ಜನ ಇದ್ದಾರೆ. ಒಂದರಲ್ಲಿ ಡ್ರಿಲ್ ಮಾವ. ನಮ್ಮ ಪಕ್ಕದ ಮನೆಯವನು, ನಿನ್ನ ಜೊತೆ ಇಪ್ಪತ್ತೆರಡು ವರ್ಷ ಒಂದೇ ಶಿಫ್ಟಿಗೆ ನಡೆದವನು. ಗುರುತೇ ಸಿಗಲಿಲ್ಲ. ಬಾಗಿಲು ತುಂಬುತ್ತಿದ್ದ ಆಳು ಈಗ ನಾಲ್ಕು ದಿಂಬು ಒರಗಿಕೊಂಡು ಕುಳಿತೇ ಇರುತ್ತಾನೆ. ಮಲಗಿದರೆ ಉಸಿರು ಕಟ್ಟುತ್ತದೆ. ಒಂದು ವಾಕ್ಯಕ್ಕೆ ಮೂರು ಸಲ ನಿಲ್ಲುತ್ತಾನೆ. ಆದರೂ ತಮಾಷೆ ಬಿಟ್ಟಿಲ್ಲ.

"ಬಾರಮ್ಮಾ. ಎಕ್ಸರೇ ನೋಡಿದ ಡಾಕ್ಟರು, ಒಳಗೆಲ್ಲ ಗಣಿಯೇ ಇದೆ ಅಂದ. ಕಾರ್ಡು ನೋಡಿದ ಆಫೀಸಿನವನು, ನೀನು ಗಣಿಗೇ ಇಳಿದಿಲ್ಲ ಅಂದ. ಇಪ್ಪತ್ತೆರಡು ವರ್ಷ ದಿನಾ ಎಲ್ಲಿಗೆ ಹೋಗ್ತಿದ್ರಿ ಅಂತ ನಿಮ್ಮತ್ತೆ ಈಗ ಕೇಳ್ತಿದಾಳೆ."

ಅತ್ತೆ ನಗಲಿಲ್ಲ. ವಿಷಯ ಇಷ್ಟು: ಗಣಿಯಿಂದ ಬಂದ ಕಾಯಿಲೆ ಎಂದು ವೈದ್ಯರ ಸಮಿತಿ ಒಪ್ಪಿದರೆ ಮನೆಗೆ ಆಮ್ಲಜನಕದ ಯಂತ್ರ ಬರುತ್ತದೆ, ಪೇಟೆಯ ಎದೆ ಆಸ್ಪತ್ರೆಯಲ್ಲಿ ಜಾಗ ಸಿಗುತ್ತದೆ. ಎರಡು ಸಲ ಅರ್ಜಿ ಹಾಕಿದರು. ಎರಡು ಸಲವೂ ಒಂದೇ ಸಾಲಿನ ಉತ್ತರ: 'ದಾಖಲೆಯ ಪ್ರಕಾರ ಕಿರಣದ ಪ್ರಮಾಣ ಸೊನ್ನೆ.' ಮೂರನೆಯದು ಕೊನೆಯ ಅವಕಾಶ. ಜೂನ್ ಮೂವತ್ತರೊಳಗೆ ಹಾಕಬೇಕು. ಅದೇ ದಿನ ನನ್ನ ಕಾರ್ಡುಗಳ ಪೆಟ್ಟಿಗೆಗೂ ಮೊಹರು ಬೀಳುತ್ತದೆ. ಆಮೇಲೆ ಯಾರೂ ಯಾವ ಅಂಕಿಯನ್ನೂ ಪ್ರಶ್ನಿಸುವ ಹಾಗಿಲ್ಲ.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಕಂಪ್ಯೂಟರಿಗೆ ಒತ್ತೋಳು ನೀನೇ ತಾನೇ? ಆ ಸೊನ್ನೆಗೆ ಮೊದಲು ಒಂದು ನಾಲ್ಕು ಒತ್ತು. ನಿನ್ನ ಬೆರಳೇನು ಸವೆಯುತ್ತಾ?"

"ಆಗಲ್ಲ ಅತ್ತೆ. ಕಾರ್ಡಲ್ಲಿ ಇಲ್ಲದ್ದು ನಾನು ಒತ್ತಲ್ಲ."

"ಕಾರ್ಡೇ ಸುಳ್ಳು ಕಣೇ!"

"ಅದು ಸುಳ್ಳು ಅಂತ ತೋರಿಸೋಣ. ಅದರ ಮೇಲೆ ಇನ್ನೊಂದು ಸುಳ್ಳು ಬೇಡ."

"ನಿಮ್ಮಮ್ಮ ಇದ್ದಿದ್ರೆ ಕಣ್ಣು ಮುಚ್ಚಿ ಒತ್ತಿರೋಳು. ಎಂಥ ಹೆಂಗಸಿನ ಹೊಟ್ಟೇಲಿ ಎಂಥದು ಹುಟ್ಟಿತು!" ಎಂದಳು. ಲೋಟದಲ್ಲಿದ್ದ ಚಹಾ ಹಾಗೇ ಬಿಟ್ಟು ಬಂದೆ. ದಾರಿಯಲ್ಲಿ ಅಳು ಬಂತು, ಸಿಟ್ಟಿಗೆ.

ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಆದರೆ ಸೊನ್ನೆ ಹೇಗೆ ಬಂತು ಎಂದು ನಿನಗೆ ಗೊತ್ತು. ಅದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡು. ಬ್ಯಾಡ್ಜ್ ಹಂಚುತ್ತಿದ್ದವನ ಹೇಳಿಕೆಯನ್ನು ಅವರು ತಳ್ಳಿಹಾಕಲಾರರು.

ಮೊಂಡಿ

ಮಾರ್ಚ್ 28

ಮಗಳೇ,

ಅವನ ಸ್ಥಿತಿ ಓದಿ ಎರಡು ದಿನ ಊಟ ಸೇರಲಿಲ್ಲ. ಕೇಳಿದ್ದೀಯ, ಹೇಳುತ್ತೇನೆ. ಆದರೆ ಇದು ನಿನಗೆ ಮಾತ್ರ.

ನಿನಗೆ ಐದು ವರ್ಷವಾಗಿದ್ದಾಗ ಗಣಿಗೆ ಮೊದಲ ಸಲ ಬ್ಯಾಡ್ಜ್ ಬಂತು, ಹಿಂದೆಯೇ ಒಂದು ಸುತ್ತೋಲೆ ಬಂತು. ಬ್ಯಾಡ್ಜ್ ಅಂಕಿ ಮಿತಿ ಮೀರಿದವರನ್ನು ಸುರಂಗದಿಂದ ತೆಗೆಯಬೇಕು, ಒಂದು ತಿಂಗಳಲ್ಲಿ ಅವರು ಕ್ವಾರ್ಟರ್ಸ್ ಖಾಲಿ ಮಾಡಬೇಕು ಎಂದು. ಸುರಂಗದವರಿಗಾಗಿಯೇ ಕಟ್ಟಿದ ಮನೆಗಳಂತೆ ಅವು. ಪರೀಕ್ಷೆಗೆಂದು ಎಲ್ಲರಿಗಿಂತ ಮೊದಲು ಬ್ಯಾಡ್ಜ್ ಹಾಕಿ ಸಿಕ್ಕಿಬಿದ್ದವನು ಸುರಂಗಕ್ಕೆ ಮರದ ಆಸರೆ ಕಟ್ಟುತ್ತಿದ್ದ ಬಡಗಿ. ನಾಲ್ಕು ಮಕ್ಕಳು. ಅದಿರಿನ ಲಾರಿಯ ಮೇಲೆ ಮಂಚ ಕಟ್ಟಿಕೊಂಡು ಹೋದರು. ಆ ಲಾರಿಗೆ ಗೇಟ್ ಪಾಸು ಬರೆದವನು ನಾನೇ.

ಮರುದಿನ ಬೆಳಿಗ್ಗೆ ನಿನ್ನ ಡ್ರಿಲ್ ಮಾವ ಬ್ಯಾಡ್ಜ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟ. "ಇದನ್ನ ನೀನೇ ಇಟ್ಕೋ, ಸಂಜೆ ಕೊಡು. ನಾನೊಬ್ಬನೇ ಇಳಿದು ಬರ್ತೀನಿ" ಎಂದ. ಹಿಂದೆಯೇ ಇನ್ನೊಬ್ಬ. ವಾರದೊಳಗೆ ಎಲ್ಲರೂ. ಮೇಜಿನ ಮೇಲೆ ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯುತ್ತಿತ್ತು. ಅದಕ್ಕೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಹಿಂದೆ ಒಂದು ಹಲಗೆ ಹಾಕಿ ಅರವತ್ತೆರಡು ಮೊಳೆ ಹೊಡೆದೆ. ಕೆಳಗೆ ಸಂಖ್ಯೆ ಬರೆದೆ. ಎಲ್ಲ ಬ್ಯಾಡ್ಜು ಹಗಲೆಲ್ಲ ಅಲ್ಲಿ ನೇತಾಡುತ್ತಿದ್ದವು. ಜನ ಕೆಳಗೆ ಇರುತ್ತಿದ್ದರು.

ನನಗೆ ಆಗ ಅದು ಒಳ್ಳೆಯ ಕೆಲಸವಾಗಿ ಕಂಡಿತ್ತು. ಆರು ವರ್ಷದಲ್ಲಿ ಒಂದೇ ಒಂದು ಮನೆ ಖಾಲಿಯಾಗಲಿಲ್ಲ.

ಈಗ ಹೇಳಿಕೆ ಬರೆದರೆ ಅವನಿಗೇ ತೊಂದರೆ. ಅರ್ಜಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದು. ತಾನಾಗಿ ನಿಯಮ ಮುರಿದವನಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ಬಿಟ್ಟುಬಿಡು.

ನಿನ್ನ ಅಪ್ಪ

ಏಪ್ರಿಲ್ 6

ಅಪ್ಪಾ,

ಸಣ್ಣ ಅಕ್ಷರ ಓದಿದೆ. ನೀನು ಹೇಳಿದ್ದು ನಿಜ. ಓದಿ ಅರ್ಜಿಯನ್ನು ಗೋಡೆಗೆ ಎಸೆದೆ. ಬ್ಯಾಡ್ಜ್ ಹಾಕಿದರೆ ಮನೆ ಹೋಗುತ್ತದೆ, ಹಾಕದಿದ್ದರೆ ಉಸಿರು ಹೋಗುತ್ತದೆ, ಹಾಕಲಿಲ್ಲ ಎಂದರೆ ತಪ್ಪು ನಿನ್ನದೇ ಎನ್ನುತ್ತಾರೆ. ಇದನ್ನು ಬರೆದವನು ಯಾವ ಶಾಲೆಯಲ್ಲಿ ಓದಿದ್ದ? ಪೂರ್ತಿ ಓದಿರಬೇಕು.

ಆಮೇಲೆ ಪೆಟ್ಟಿಗೆಯ ತಳದಲ್ಲಿ ಅರವತ್ತಮೂರನೆಯ ಕಾರ್ಡು ಸಿಕ್ಕಿತು.

ಬಟ್ಟೆ ಒಗೆಯುವ ಶೆಡ್ಡಿಗೂ ಒಂದು ಬ್ಯಾಡ್ಜ್ ಕೊಟ್ಟು ನೋಡಿ ಎಂದು ಪ್ರಯೋಗಾಲಯದವರು ಬರೆದಿದ್ದರಂತೆ. ಆ ಪತ್ರವೂ ಅದಕ್ಕೇ ಚುಚ್ಚಿದೆ. ಗಣಿಯವರ ಬಟ್ಟೆ ಒಗೆಯುತ್ತಿದ್ದವರಲ್ಲಿ ಅದನ್ನು ಕೊಟ್ಟದ್ದು ಅಮ್ಮನಿಗೆ.

ನನಗೆ ನೆನಪಿದೆ. ಮನೆಗೆ ಬಂದಮೇಲೂ ಅವಳು ಅದನ್ನು ತೆಗೆಯುತ್ತಿರಲಿಲ್ಲ. ಅವಳ ಹೆಸರು ಅಚ್ಚಾಗಿದ್ದ ವಸ್ತು ಅದೊಂದೇ. ಸೆರಗಿನಿಂದ ಒರೆಸುತ್ತಿದ್ದಳು. ಅದನ್ನು ಮೊಳೆಗೆ ಹಾಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ ಅಲ್ಲವೇ? ಸುರಂಗಕ್ಕೆ ಇಳಿಯದವಳಿಗೆ ಏನು ಬರುತ್ತದೆ ಎಂದುಕೊಂಡಿರಿ.

ಮೊದಲ ಮೂರು ತಿಂಗಳು: ಹದಿನೇಳು. ಮುಂದಿನ ಮೂರು ತಿಂಗಳು: ಮೂವತ್ತೊಂದು. ಕೆಳಗೆ ಬಂಡೆ ಕೊರೆಯುತ್ತಿದ್ದವನಿಗೆ ಸೊನ್ನೆ, ಅವನ ಅಂಗಿಯ ದೂಳು ಕೊಡವುತ್ತಿದ್ದವಳಿಗೆ ಮೂವತ್ತೊಂದು. ಅರವತ್ತೆರಡು ಕಾರ್ಡು ಸುಳ್ಳು ಎಂದು ತೋರಿಸಲು ಇದೊಂದು ಕಾರ್ಡು ಸಾಕು. ಯಾರ ಹೇಳಿಕೆಯೂ ಬೇಡ.

ಆದರೆ ಎರಡೂ ಅಂಕಿಗಳ ಮೇಲೆ ಅಡ್ಡಗೆರೆ ಇದೆ. ಪಕ್ಕದಲ್ಲಿ ಬರೆದಿದೆ: 'ಬ್ಯಾಡ್ಜ್ ನೀರಿಗೆ ಬಿದ್ದು ಹಾಳಾಗಿದೆ. ಅಂಕಿ ಪರಿಗಣಿಸತಕ್ಕದ್ದಲ್ಲ. ಬ್ಯಾಡ್ಜ್ ಹಿಂಪಡೆಯಲಾಗಿದೆ.'

ಅಕ್ಷರ ಗುಂಡಗಿದೆ, ಒಂದೊಂದೂ ಬಿಡಿಬಿಡಿಯಾಗಿದೆ. ಈ ಅಕ್ಷರದ ಮೇಲೆ ಕೈ ಇಟ್ಟು ತಿದ್ದಿಯೇ ನಾನು ಬರೆಯುವುದು ಕಲಿತೆ.

ಬ್ಯಾಡ್ಜ್ ನೀರಿಗೆ ಬಿದ್ದಿತ್ತೇ? ಹೌದು ಅಥವಾ ಇಲ್ಲ. ಅಷ್ಟು ಮಾತ್ರ ಬರೆ.

ಮೊಂಡಿ

ಮೇ 4

ಅಪ್ಪಾ,

ನಾಲ್ಕು ವಾರ ಆಯಿತು. ಅಂಚೆ ವ್ಯಾನು ಮಂಗಳವಾರ, ಶುಕ್ರವಾರ ಬರುತ್ತದೆ. ಎಂಟು ಸಲ ಹೋಗಿ ನಿಂತೆ. ಡ್ರೈವರು ಈಗ ನನ್ನನ್ನು ದೂರದಿಂದ ನೋಡಿಯೇ ಕೈ ಅಲ್ಲಾಡಿಸುತ್ತಾನೆ.

ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಅಕ್ಕನಿಗೆ ಫೋನು ಮಾಡಿದೆ. "ಅಪ್ಪ ಚೆನ್ನಾಗಿದಾರೆ. ನಿನ್ನ ಕಾಗದ ದಿಂಬಿನ ಕೆಳಗಿದೆ. ಏನು ಬರೆದೆ ಅಂತ ಕೇಳಿದ್ರೆ ಬಾಯಿಬಿಡಲ್ಲ. ಸತ್ತೋರ ವಿಷಯ ಯಾಕೆ ಕೆದಕ್ತೀಯ? ಅಮ್ಮನಿಗೆ ರಕ್ತದ ಕಾಯಿಲೆ ಇತ್ತು, ಹೋದಳು" ಎಂದಳು. ಯಾಕೆ ಬಂತು ಎಂದು ನಾನು ಕೇಳಿದೆ. ಲೈನು ಕಟ್ಟಾಯಿತು. ತಾನಾಗಿ ಕಟ್ಟಾಯಿತೋ ಅವಳು ಇಟ್ಟಳೋ ಗೊತ್ತಿಲ್ಲ.

ಮೇಡಂಗೆ ಕಾರ್ಡು ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ಓದಿ, "ಹಾಳಾಗಿದೆ ಅಂತ ಬರೆದಿದೆಯಲ್ಲ" ಎಂದರು.

"ಹಾಳಾಗಿರಲಿಲ್ಲ ಮೇಡಂ."

"ನೀನು ನೋಡಿದ್ಯಾ?"

"ಇಲ್ಲ. ಆದರೆ ಫಿಲ್ಮು ನೀರಿಗೆ ಬಿದ್ದರೆ ಅಂಕಿ ಹೇಗೆ ಬರತ್ತೆ? ಪ್ರಯೋಗಾಲಯದವರು ಎರಡು ಸಲ ಓದಿ ಬರೆದಿದಾರೆ."

"ಬರೆದವರು ಯಾರು, ಅವರು ಬಂದು ಹೇಳ್ಬೇಕು. ನಿನ್ನ ಕೆಲಸ ನಕಲು ಮಾಡೋದು ಕಣಮ್ಮ, ಓದೋದಲ್ಲ."

ಓದದೆ ನಕಲು ಮಾಡುವುದು ಹೇಗೆ ಎಂದು ಕೇಳಿದೆ. ಅವರಿಗೆ ನಗು ಬಂತು. ನನಗೆ ಬರಲಿಲ್ಲ. ಕಾರ್ಡಿನ ದೃಢೀಕೃತ ನಕಲು ಬೇಕು ಎಂದು ಅರ್ಜಿ ಬರೆದುಕೊಟ್ಟೆ. ಅದಕ್ಕೆ ಮೂರು ಸಹಿ. ಒಬ್ಬ ಸಹಿಯವನು ರಜೆಯಲ್ಲಿದ್ದಾನೆ, ಎರಡನೆಯವನು ಮೊದಲನೆಯವನ ಸಹಿ ಇಲ್ಲದೆ ಮಾಡುವುದಿಲ್ಲ. ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಹಾಗೆ ಮಾಡುವುದಿಲ್ಲ ಎಂದು ನಿನಗೆ ಗೊತ್ತು. ಕೆಲವು ದಿನ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಶೆಡ್ಡನ್ನು ನೋಡಿ ಬಂದೆ. ಇನ್ನು ಹತ್ತು ದಿನದಲ್ಲಿ ಒಡೆಯುತ್ತಾರೆ. ಕಲ್ಲಿನ ತೊಟ್ಟಿ ಆರು, ಹೊಗೆ ಹಿಡಿದ ಹಂಡೆ ಒಂದು. ಬಟ್ಟೆ ರಾಶಿ ಹಾಕುತ್ತಿದ್ದ ಮೂಲೆಯಲ್ಲಿ ನೆಲಕ್ಕೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಗುರುತು ಹಾಕಿದ್ದಾರೆ. ಕಿರಣ ಅಳೆಯುವವರ ಯಂತ್ರ ಹನ್ನೊಂದು ವರ್ಷದ ಮೇಲೂ ಅಲ್ಲಿ ಕಿರುಚುತ್ತದೆಯಂತೆ. ಅಮ್ಮ ಮಧ್ಯಾಹ್ನ ಆ ರಾಶಿಗೆ ಒರಗಿ ಕುಳಿತು ಹರಿದ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ನಾನು ಅವಳ ಕಾಲ ಮೇಲೆ ನಿದ್ದೆ ಮಾಡುತ್ತಿದ್ದೆ.

ಡ್ರಿಲ್ ಮಾವ ಈಗ ಒಂದು ವಾಕ್ಯಕ್ಕೆ ಐದು ಸಲ ನಿಲ್ಲುತ್ತಾನೆ. ಉತ್ತರ ಬರೆ.

ಮೊಂಡಿ

ಮೇ 15

ಮಗಳೇ,

ಇದರ ಜೊತೆ ಒಂದು ಹೇಳಿಕೆ ಇಟ್ಟಿದ್ದೇನೆ. ಸಹಿ ಮಾಡಿದ್ದೇನೆ, ಇಲ್ಲಿನ ನೋಟರಿಯ ಮುದ್ರೆಯೂ ಇದೆ. ಸಮಿತಿಗೆ ಕೊಡು.

ಅದರಲ್ಲಿ ಹೀಗಿದೆ: ಅರವತ್ತೆರಡು ಜನರ ಬ್ಯಾಡ್ಜುಗಳನ್ನು ನಾನೇ, ನನ್ನ ಸ್ವಂತ ಇಚ್ಛೆಯಿಂದ, ಪರೀಕ್ಷೆಗೆಂದು ಸುಳ್ಳು ಹೇಳಿ ಪ್ರತಿದಿನ ತೆಗೆದಿಟ್ಟುಕೊಳ್ಳುತ್ತಿದ್ದೆ. ಅವರಿಗೆ ಇದರ ಅರ್ಥ ತಿಳಿದಿರಲಿಲ್ಲ. ತಪ್ಪು ಪೂರ್ತಿ ನನ್ನದು.

ಹೀಗೆ ಬರೆದರೆ ಸಣ್ಣ ಅಕ್ಷರದ ನಿಯಮ ಅವನಿಗೆ ತಗಲುವುದಿಲ್ಲ. ಉಳಿದ ಅರವತ್ತೊಂದು ಜನರಿಗೂ ತಗಲುವುದಿಲ್ಲ. ನನಗೆ ಏನಾದರೂ ಆಗಲಿ. ನನ್ನ ಎದೆ ಗಟ್ಟಿಯಿದೆ.

ಇನ್ನೊಂದು ಕಾರ್ಡಿನ ವಿಷಯ ಎತ್ತಬೇಡ. ಅದರ ಅಗತ್ಯ ಈಗ ಇಲ್ಲ.

ನಿನ್ನ ಅಪ್ಪ

ಮೇ 20

ಅಪ್ಪಾ,

ಹೇಳಿಕೆ ವಾಪಸು ಕಳಿಸುತ್ತಿದ್ದೇನೆ.

ಮೊದಲು ಅದನ್ನು ಹಿಡಿದುಕೊಂಡು ಓಡಿದೆ, ಸುಳ್ಳು ಹೇಳುವುದಿಲ್ಲ. ಡ್ರಿಲ್ ಮಾವನ ಮನೆ ಮೆಟ್ಟಿಲವರೆಗೂ ಓಡಿದೆ. ಇದನ್ನು ಕೊಟ್ಟುಬಿಟ್ಟರೆ ಯಂತ್ರ ಬರುತ್ತದೆ, ಮಿಕ್ಕದ್ದೆಲ್ಲ ಹಾಳಾಗಿ ಹೋಗಲಿ ಎಂದುಕೊಂಡೆ. ಒಳಗೆ ಹೋಗಿ ಅವನಿಗೇ ಓದಿ ಹೇಳಿದೆ.

ಅವನ ಮುಖ ಕೆಂಪಾಯಿತು. "ಅವನೊಬ್ಬನೇ ಬುದ್ಧಿವಂತ, ನಾವು ಅರವತ್ತೆರಡು ಜನ ಕುರಿಗಳು ಅಂತ ಬರೆದಿದಾನಾ? ಬ್ಯಾಡ್ಜ್ ಬಿಚ್ಚಿ ಕೊಟ್ಟೋನು ನಾನು. ಗೊತ್ತಿದ್ದೇ ಕೊಟ್ಟೆ. ಗೊತ್ತಿಲ್ಲದೇ ಸಾಯೋಕೆ ನಾನೇನು ಎಳೇ ಮಗುವಾ?"

"ಸುಮ್ನಿರಿ! ಯಂತ್ರ ಬರೋದನ್ನೂ ತಪ್ಪಿಸ್ತೀರಾ?" ಎಂದಳು ಅತ್ತೆ.

"ಯಂತ್ರ ಮೂಗಿಗೆ ಹಾಕ್ಕೊಂಡು ಈ ಸುಳ್ಳು ಉಸಿರಾಡ್ಲಾ?" ಎಂದ. ಆಮೇಲೆ ಎಷ್ಟು ಕೆಮ್ಮಿದ ಎಂದರೆ ನಾವಿಬ್ಬರೂ ಹಿಡಿದುಕೊಳ್ಳಬೇಕಾಯಿತು.

ಅಪ್ಪಾ, ನಿನ್ನ ಹೇಳಿಕೆಯನ್ನು ಇನ್ನೂ ನಾಲ್ಕು ಸಲ ಓದಿದೆ. ನೀನು ಮಾಡದ ತಪ್ಪನ್ನು ಎಷ್ಟು ಚೆನ್ನಾಗಿ ಬರೆದಿದ್ದೀಯ. ಒಂದೂ ಕಾಟು ಇಲ್ಲ. ಅರವತ್ತೆರಡು ಗಂಡಸರ ತಪ್ಪು ಹೊರಲು ನಿನಗೆ ಬೆನ್ನು ಇದೆ. ಒಬ್ಬ ಹೆಂಗಸಿನದಕ್ಕೆ ಬಗ್ಗುವುದಿಲ್ಲ. ಇದು ಹೊರೆಯಲ್ಲ, ಹೊದಿಕೆ. ದೊಡ್ಡದು ಹೊದ್ದುಕೊಂಡರೆ ಸಣ್ಣದು ಕಾಣುವುದಿಲ್ಲ ಎಂದು. ನನಗೆ ಕಾಣುತ್ತದೆ.

ನಾನು ಹೀಗೆ ಮಾಡಬೇಕೆಂದಿದ್ದೇನೆ. ಡ್ರಿಲ್ ಮಾವ ಹೇಳುತ್ತಾನೆ, ನಾನು ಬರೆಯುತ್ತೇನೆ: ಬ್ಯಾಡ್ಜ್ ನಾನೇ ಬಿಚ್ಚಿ ಕೊಟ್ಟೆ, ಕೊಡದಿದ್ದರೆ ಮನೆ ಬಿಡಬೇಕಿತ್ತು. ಮನೆ ಬಿಡಿಸುವ ಆ ಸುತ್ತೋಲೆ ಕಡತದಲ್ಲಿ ಸಿಕ್ಕಿದೆ, ಅದನ್ನೂ ಲಗತ್ತಿಸುತ್ತೇನೆ. ಆದರೆ ಸುರಂಗದ ದೂಳು ಎಷ್ಟಿತ್ತು ಎನ್ನುವುದಕ್ಕೆ ಪುರಾವೆ ಬೇಕು. ಇಡೀ ಗಣಿಯಲ್ಲಿ ನಿಜ ಹೇಳಿದ ಬ್ಯಾಡ್ಜ್ ಒಂದೇ. ಅದು ನಿಜ ಎಂದು ಹೇಳಬಲ್ಲವನೂ ಒಬ್ಬನೇ.

ನೀನು ಬರೆಯದಿದ್ದರೆ ನಾನು ಬೇರೆ ಯಾರ ಹತ್ತಿರವೂ ಬರೆಸುವುದಿಲ್ಲ. ನಿನ್ನ ಅಕ್ಷರ ಎಂದು ಯಾರಿಗೂ ಹೇಳುವುದೂ ಇಲ್ಲ. ಜೂನ್ ಮೂವತ್ತಕ್ಕೆ ಮೊಹರು ಬೀಳುತ್ತದೆ, ಮುಗಿಯುತ್ತದೆ. ಆಮೇಲೆ ನಾನು ನಿನಗೆ ಕಾಗದ ಬರೆಯುವುದಿಲ್ಲ. ಹೆದರಿಸುತ್ತಿಲ್ಲ. ಬರೆಯಲು ಏನೂ ಉಳಿದಿರುವುದಿಲ್ಲ, ಅಷ್ಟೇ.

ಮೊಂಡಿ

ಜೂನ್ 9

ವೈದ್ಯರ ಸಮಿತಿಗೆ,

ನಾನು ಈ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಹಾಜರಿ ಗುಮಾಸ್ತನಾಗಿದ್ದೆ. ಬಟ್ಟೆ ಒಗೆಯುವ ಶೆಡ್ಡಿಗೆ ಕೊಟ್ಟ ಬ್ಯಾಡ್ಜ್ ನನ್ನ ಹೆಂಡತಿಯ ಹತ್ತಿರ ಇತ್ತು. ಅದರ ಅಂಕಿ ಹದಿನೇಳು, ಮೂವತ್ತೊಂದು. ಎರಡೂ ಸರಿ. ಬ್ಯಾಡ್ಜ್ ನೀರಿಗೆ ಬಿದ್ದಿರಲಿಲ್ಲ. ಬಿದ್ದಿದೆ ಎಂದು ಬರೆದು ಗೆರೆ ಎಳೆದವನು ನಾನು.

ಕಾರಣ: ಶೆಡ್ಡಿನಲ್ಲಿ ಅಷ್ಟು ಬಂದರೆ ಕೆಳಗೆ ಸೊನ್ನೆ ಹೇಗೆ ಎಂದು ಮೇಲಿನವರು ಕೇಳುತ್ತಿದ್ದರು. ಹಲಗೆ ಸಿಕ್ಕಿಬೀಳುತ್ತಿತ್ತು. ಅರವತ್ತೆರಡು ಮನೆ ಹೋಗುತ್ತಿತ್ತು, ಜೊತೆಗೆ ನನ್ನದೂ.

ಎರಡನೆಯ ಅಂಕಿ ಬಂದ ದಿನ ಅವಳು ಊಟಕ್ಕೆ ಬಡಿಸುತ್ತಾ, "ನಂದು ಎಷ್ಟು ಬಂತು?" ಎಂದು ಕೇಳಿದಳು.

"ನೀರು ಹೋಗಿದೆ, ಲೆಕ್ಕಕ್ಕಿಲ್ಲ" ಎಂದೆ.

"ನಾನು ತೊಟ್ಟಿ ಹತ್ರ ಹೋಗೋವಾಗ ತೆಗೆದಿಡ್ತಿದ್ದೆನಲ್ಲಾ" ಎಂದಳು. ನಾನು ಉಣ್ಣುತ್ತಾ ಇದ್ದೆ. ಮತ್ತೆ ಅನ್ನ ಬಡಿಸಿ, "ಹಾಗಾದ್ರೆ ಹೊಸದು ಕೊಡು" ಎಂದಳು.

"ಒಗೆಯೋರಿಗೆ ಅದೆಲ್ಲ ಬೇಕಾಗಿಲ್ಲ" ಎಂದೆ.

ಆಕೆ ಮುಂದೆ ಏನೂ ಕೇಳಲಿಲ್ಲ. ಗಣಿ ಮುಚ್ಚುವವರೆಗೆ ನಾಲ್ಕು ವರ್ಷ ಅದೇ ಶೆಡ್ಡಿನಲ್ಲಿ ಕೆಲಸ ಮಾಡಿದಳು. ಅವಳನ್ನು ಅಲ್ಲಿಂದ ಬಿಡಿಸಬಹುದಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದಳು. ಕೆಲಸ ನಿಂತ ಎರಡು ವರ್ಷಕ್ಕೆ ತೀರಿಕೊಂಡಳು. ಆ ಅಂಕಿಯಿಂದಲೇ ಹೋದಳೆಂದು ನಾನು ಹೇಳಲಾರೆ, ನಾನು ವೈದ್ಯನಲ್ಲ. ಅಂಕಿ ಎಷ್ಟು ಎಂದು ಅವಳಿಗೆ ಗೊತ್ತಾಗದ ಹಾಗೆ ಮಾಡಿದೆ ಎಂದು ಮಾತ್ರ ಹೇಳಬಲ್ಲೆ.

ಸುರಂಗದವರ ಬ್ಯಾಡ್ಜ್ ಬಗ್ಗೆ ನನ್ನ ಹಳೆಯ ಗೆಳೆಯ ಏನು ಹೇಳುತ್ತಾನೋ ಅದೇ ನಿಜ.

ಹಾಜರಿ ಗುಮಾಸ್ತ, ನಿವೃತ್ತ

ಜುಲೈ 3

ಅಪ್ಪಾ,

ನಿನ್ನ ಹಾಳೆಯ ಎರಡನೆಯ ಭಾಗವನ್ನು ನಾನು ಒಂದೇ ಸಲ ಓದಿದ್ದೇನೆ. ಇನ್ನೊಂದು ಸಲ ಓದಲು ಆಗಲಿಲ್ಲ. ಅದರ ಬಗ್ಗೆ ಈಗ ಬರೆಯುವುದಿಲ್ಲ.

ನಡೆದದ್ದು ಹೇಳುತ್ತೇನೆ. ಜೂನ್ ಇಪ್ಪತ್ತೇಳಕ್ಕೆ ಕಾರ್ಡಿನ ನಕಲಿಗೆ ಮೂರನೆಯ ಸಹಿ ಬಿತ್ತು, ಇಪ್ಪತ್ತೆಂಟಕ್ಕೆ ಅರ್ಜಿ ಹೋಯಿತು. ಮೂವತ್ತಕ್ಕೆ ಸಮಿತಿಯವರು ಇಬ್ಬರು ಇಲ್ಲಿಗೇ ಬಂದರು. ನಿನ್ನ ಹೇಳಿಕೆ, ಅಮ್ಮನ ಕಾರ್ಡು, ಸುತ್ತೋಲೆ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಒಂದೊಂದನ್ನೂ ಎರಡೆರಡು ಸಲ ಓದಿದರು. ಡ್ರಿಲ್ ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದೆವು. "ಬ್ಯಾಡ್ಜ್ ನೀವಾಗಿ ತೆಗೆದಿರಾ?" ಎಂದು ಕೇಳಿದರು. "ನಾನಾಗಿ. ನಿಮ್ಮ ಮನೆ ಆಗಿದ್ರೆ ನೀವೂ ತೆಗೀತಿದ್ರಿ ಸ್ವಾಮಿ" ಎಂದ.

ಅವರು ಒಪ್ಪಿದರು ಎಂದು ಬರೆಯಲು ಆಸೆ. ಹಾಗೆ ಆಗಲಿಲ್ಲ. ಅವನ ಕಾರ್ಡಿನಲ್ಲಿ 'ಸೊನ್ನೆ' ಹೊಡೆದುಹಾಕಿ 'ತಿಳಿಯದು' ಎಂದು ಬರೆಸಿದರು. ಅಷ್ಟೇ. ಐದು ತಿಂಗಳು ತಲೆ ಚಚ್ಚಿಕೊಂಡದ್ದಕ್ಕೆ ಒಂದು 'ತಿಳಿಯದು'. ಆದರೆ ಸೊನ್ನೆ ಇಲ್ಲದಿದ್ದರೆ ಎಕ್ಸರೇ ನೋಡಿ ಡಾಕ್ಟರೇ ತೀರ್ಮಾನಿಸಬಹುದಂತೆ. ನಿನ್ನೆ ಯಂತ್ರ ಬಂತು, ತಾತ್ಕಾಲಿಕ ಎಂಬ ಚೀಟಿಯ ಜೊತೆ. ಮಾವ ಎಷ್ಟೋ ದಿನದ ಮೇಲೆ ದಿಂಬು ತೆಗೆದು ಬೆನ್ನು ಚಾಚಿ ಮಲಗಿದ. ಅತ್ತೆ ನನಗೆ ಚಹಾ ಕೊಟ್ಟಳು. ಉಳಿದ ಅರವತ್ತೊಂದು ಜನ ಬೇರೆ ಬೇರೆಯಾಗಿಯೇ ಅರ್ಜಿ ಹಾಕಬೇಕಂತೆ. ಅವರಲ್ಲಿ ಇಪ್ಪತ್ತಮೂರು ಜನ ಈಗಾಗಲೇ ಇಲ್ಲ. ಮಿಕ್ಕವರ ವಿಳಾಸ ಹುಡುಕುತ್ತಿದ್ದೇನೆ.

ಇನ್ನು ಅಮ್ಮನ ಕಾರ್ಡು. ಅಂಕಿಗಳನ್ನು ಸರಿಪಡಿಸಲು ಸಮಿತಿ ಹೇಳಿದೆ, ಅದೊಂದು ಪೆಟ್ಟಿಗೆಗೆ ಈ ತಿಂಗಳ ಕೊನೆಯವರೆಗೆ ಮೊಹರು ಹಾಕುವುದಿಲ್ಲ. ನಾನು ಗೆರೆ ಎಳೆಯಲು ಹೋದರೆ ಮೇಡಂ ಕೈ ಹಿಡಿದರು. ತಪ್ಪಾದ ಸಾಲನ್ನು ಬರೆದವರೇ ಬಂದು ಹೊಡೆದುಹಾಕಿ, ಸರಿಯಾದುದನ್ನು ಬರೆದು ಸಹಿ ಮಾಡಬೇಕಂತೆ, ಅವರು ಜೀವಂತ ಇದ್ದರೆ.

"ಇದಾರಾ?" ಎಂದು ಕೇಳಿದರು.

ಇದಾರೆ ಎಂದೆ.

ಬಾ ಅಪ್ಪಾ. ನೀನು ಬರೆಯುವಾಗ ನಾನು ಎದುರಿಗೆ ಕುಳಿತಿರುತ್ತೇನೆ. ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ದಾರಿಯಲ್ಲಿ ಯೋಚಿಸಿಕೊಂಡು ಬರಬೇಡ. ಅದು ನನಗೇ ಇನ್ನೂ ತಿಳಿಯದು.

ಮೊಂಡಿ